ಎಡಕ್ಕ ಹೊಳ್ಳಿದಾಗ

ಗಾಲಿ ನಾಕು, ಹ್ಯಾಂಡಲ್ ಮಾತ್ರ ಬೈಕಿನದು.
ಟಿಕೋಟಾದ ದ್ರಾಕ್ಷಿ ಸಾಲಿನಾಗ
ಔಷಧದ ಟಾಕಿ ಎಳಕೊಂಡು ಓಡೂ ಗಾಡಿ
ತುದಿಗೆ ಬಂದು ಸುಮ್ಮ ಆಗತದ.

'ಗಾಡಿಗೇನಾಗಿಲ್ಲ ದಾವಲಸಾಬ, ಹುಡುಗ ಕಳ್ಳ.
ತುದಿಗೆ ನಿಂತು ಫೋನ್ ಹಚ್ಚತಾನ'
ಅಂದ್ರು ಬಿರಾದಾರ. ಮಾಳಿಂಗ ಮಾತಾಡಲಿಲ್ಲ.
ಎರಡು ದಿನದ ಪಗಾರ ಮುರದಾರಂತ.

ಪ್ಲಗ್ ಬಿಚ್ಚಿದೆ: ಇಟ್ಟಂಗಿ ಬಣ್ಣ, ಚೊಲೋ ಸುಟ್ಟದ.
ಕಾರ್ಬುರೇಟರಿನ ಬಟ್ಟಲದಾಗ ಒಂದು ಹರಳು ಉಸುಕಿಲ್ಲ.
ಬ್ಯಾಟರಿ ಹನ್ನೆರಡೂವರಿ. ಫ್ಯೂಜ್ ಗಟ್ಟಿ.
ನಿಂತಲ್ಲೇ ಅರ್ಧ ತಾಸು ಗುರುಗುಟ್ಟಿತು,
ಆರಲಿಲ್ಲ.
ಬಿರಾದಾರ ನಕ್ಕರು.

'ಹತ್ತಲೇ, ಓಡಸು' ಅಂದೆ ಮಾಳಿಂಗಗ,
ಹಿಂದ ನಾನೂ ಕುಂತೆ.
ಮೊದಲ ಸಾಲು ಮುಗೀತು, ಬಲಕ್ಕ ಹೊಳ್ಳಿತು.
ಎರಡನೇದು, ಎಡಕ್ಕ...
ಟಪ್.
ಎಲಿ ಮ್ಯಾಲಿನ ಔಷಧ ತೊಟ್ಟಿಕ್ಕೂದು ಕೇಳಸ್ತು.

ಹ್ಯಾಂಡಲಿನ ಕೊರಳಾಗ ಬೆರಳು ಹಾಕಿದೆ.
ವೈರಿನ ಕಟ್ಟು, ಅದರಾಗ ಒಂದು ಕರೀದು:
ಮ್ಯಾಲ ತೊಗಲು ಹಂಗಽ ಅದ, ಒಳಗ ತಾಮ್ರ ಹರದದ.
ಎಡಕ್ಕ ಎಳದ್ರ ಬಿಡತದ, ನೆಟ್ಟಗಾದ್ರ ಕೂಡತದ.
ಎಷ್ಟು ದಿನದಿಂದ ಹಿಂಗ
ಒಬ್ಬನ ಮರ್ಯಾದಿ ತಗೀತಿತ್ತೋ.

ತುಂಡು ತಗದು ಹೊಸಾದು ಬೆಸದೆ,
ಟೇಪು ಸುತ್ತಿದೆ, ಎರಡು ಬೆರಳು ಸಡ್ಲ ಬಿಟ್ಟೆ.

ಬಿರಾದಾರ ಆ ತುಂಡು ಬಗ್ಗಿಸಿ ಬಗ್ಗಿಸಿ ನೋಡಿ
ಕಿಸೇದಾಗ ಇಟಗೊಂಡ್ರು.
ಪಗಾರದ ಮಾತು ಅವರು ಎತ್ತಲಿಲ್ಲ.
ನಾನೂ ಎತ್ತಲಿಲ್ಲ;
ಹ್ವಾದ ಹಂಗಾಮಿನ ನನ್ನ ಬಾಕಿ ಅವರ ಕಡೆ ಅದ.

ಮಾಳಿಂಗ ಗಾಡಿ ಹತ್ತಿದ.
ಶೆಡ್ಡಿನ ಮುಂದ, ನಾವಿಬ್ಬರೂ ನೋಡೂಹಂಗ,
ಎಡಕ್ಕ ಹೊಳ್ಳಿಸಿದ,
ಮತ್ತ ಎಡಕ್ಕ,
ಮತ್ತ ಎಡಕ್ಕ.