ಐವತ್ತಾರನೆಯ ದಿನ

ಕಬಿನಿಯ ಈ ದಡ ಮೈಸೂರು ಜಿಲ್ಲೆ, ಆ ದಡ ಕೇರಳ.
ನಡುವಿನ ನೀರಿಗೆ ಇದು ಗೊತ್ತಿಲ್ಲ ಅಂತ ಬರೆಯುವುದು ಸುಲಭ.
ಗೊತ್ತಿದೆ ಅನ್ನುತ್ತಾನೆ ದೋಣಿಯ ಬೊಳ್ಳಯ್ಯ:
ಆ ಕಡೆಗೆ ಹುಟ್ಟು ಹಾಕುವಾಗ ಮಲಯಾಳದಲ್ಲಿ ಬೈಯಬೇಕು,
ಈ ಕಡೆಗೆ ತಿರುಗಿದರೆ ಕನ್ನಡದಲ್ಲಿ,
ಇಲ್ಲದಿದ್ದರೆ ಸುಳಿ ದಾರಿ ಬಿಡುವುದಿಲ್ಲ.

ನನ್ನ ಕೆಲಸ ತಗಡಿನ ಶೆಡ್ಡಿನಲ್ಲಿ.
ಸೇತುವೆಯ ಕಂಬಕ್ಕೆ ಸುರಿಯುವ ಕಾಂಕ್ರೀಟಿನಿಂದ
ಒಂದು ಬಾಂಡ್ಲಿ ಎತ್ತಿಕೊಂಡು ಅಚ್ಚಿಗೆ ತುಂಬಿ,
ಚೌಕದ ಗಟ್ಟಿ ಮಾಡಿ, ತಲೆಯ ಮೇಲೆ ತಾರೀಖು ಬರೆದು
ತೊಟ್ಟಿಯಲ್ಲಿ ಮುಳುಗಿಸಿಡುವುದು.
ಹೇಳಿದ ದಿನ ಎತ್ತಿ, ಯಂತ್ರದ ದವಡೆಗೆ ಕೊಟ್ಟು
ಎಷ್ಟು ಭಾರಕ್ಕೆ ಸಾಯುತ್ತದೆ ಅಂತ ಬರೆದುಕೊಳ್ಳುವುದು.

ಈ ಕಾಂಕ್ರೀಟಿನಲ್ಲಿ ಸಿಮೆಂಟು ಅರ್ಧಕ್ಕರ್ಧ ಇಲ್ಲ.
ಅದರ ಜಾಗದಲ್ಲಿ ಬಳ್ಳಾರಿ ಕಡೆಯ ಉಕ್ಕಿನ ಕುಲುಮೆಯ ಕಿಟ್ಟ,
ಮತ್ತೆ, ನಂಬಿ, ನಮ್ಮ ಮಂಡ್ಯದ ಬೂದಿ,
ಕಬ್ಬಿನ ಸಿಪ್ಪೆ ಉರಿದು ಉಳಿದದ್ದು.
ಗೂಡಿನಲ್ಲಿ ಸುಣ್ಣಕಲ್ಲು ಬಿಡುವ ಬಿಸಿಯುಸಿರು
ಅಷ್ಟರಮಟ್ಟಿಗೆ ಕಡಿಮೆ.

ಆ ಬೂದಿ ನನಗೆ ಹೊಸದಲ್ಲ.
ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಬೆಳೆದವಳು.
ಹಂಗಾಮು ಶುರುವಾದರೆ ಅವ್ವ ಆಕಾಶ ನೋಡಿ ಬಟ್ಟೆ ಒಣಹಾಕುತ್ತಿದ್ದಳು,
ಮಳೆಗೆ ಹೆದರಿ ಅಲ್ಲ.
ಸ್ಕೂಲಿನ ಬಿಳಿ ಅಂಗಿಯ ಮೇಲೆ ಕೂತ ಕರಿಯನ್ನು
ಒರೆಸಬೇಡ, ಊದು, ಅನ್ನುತ್ತಿದ್ದಳು,
ಒರೆಸಿದರೆ ಹಿಡಿದುಕೊಳ್ಳುತ್ತದೆ.

ಹಿಡಿದುಕೊಳ್ಳುತ್ತದೆ.
ಇಪ್ಪತ್ತೈದು ವರ್ಷ ಕಳೆದು
ಅವ್ವನ ಮಾತು ಟೆಂಡರಿನ ಕಾಗದಕ್ಕೆ ಏರಿದೆ.

ಏಳನೆಯ ದಿನ ಗಟ್ಟಿ ಹದಿನೇಳಕ್ಕೇ ಸೀಳಿತು.
ಗುತ್ತಿಗೆದಾರ ಸಿದ್ದಲಿಂಗಪ್ರಸಾದ್ ಚೂರನ್ನು ಬೆರಳಲ್ಲಿ ಉಜ್ಜಿ
"ಏನಮ್ಮ ಇದು, ತಣ್ಣಗಾದ ರಾಗಿಮುದ್ದೆ ಇದಕ್ಕಿಂತ ಗಟ್ಟಿ" ಅಂದ.
ನಿಧಾನದ ಸ್ವಭಾವ ಸಾರ್, ಐವತ್ತಾರು ದಿನ ಕೊಡಿ, ಅಂದೆ.
ಅಲ್ಲಿವರೆಗೂ ಬಡ್ಡಿ ಯಾರು ಕಟ್ಟುತ್ತಾರೆ, ಅಂದ.
ಅದನ್ನು ನನ್ನ ಯಂತ್ರ ಅಳೆಯುವುದಿಲ್ಲ.

ಕಂಬಕ್ಕೆ ಒದ್ದೆ ಗೋಣಿ ಸುತ್ತಿದೆವು.
ಬಾಣಂತನವೇ, ಆದರೆ ತಿರುಗಾಮುರುಗಾ:
ಈ ಬಾಣಂತಿಗೆ ಬಿಸಿಲು ಆಗದು, ತಣ್ಣೀರೇ ಪಥ್ಯ.
ಹಗಲು ಪಾಳಿ ಜಾರ್ಖಂಡದ ಬಿರ್ಸುದು, ರಾತ್ರಿ ಬೊಳ್ಳಯ್ಯನದು.
ಹೌದು, ದೋಣಿಯವನೇ.
ಸೇತುವೆ ಎದ್ದ ದಿನ ತನ್ನ ಕಸುಬು ಮುಳುಗುತ್ತದೆ ಅಂತ ಗೊತ್ತಿದ್ದೂ
ದಿನಗೂಲಿಗೆ ಅದಕ್ಕೆ ನೀರುಣಿಸಿದ.

ಒಂದು ರಾತ್ರಿ ಕೇಳಿದ:
"ಹೊಗೆ ಕಮ್ಮಿ ಅಂತೀರಲ್ಲ, ಎಷ್ಟು ಕಮ್ಮಿ ಅಂತ ಬರ್ಕೋತೀರಾ?"
ಒಂದೊಂದು ಕಂಬಕ್ಕೂ ಲೆಕ್ಕವಿದೆ ಅಂತ ಪುಸ್ತಕ ಬಿಚ್ಚಿದೆ.
ಟಾರ್ಚಿನ ಬೆಳಕಲ್ಲಿ ಅಂಕಿಗಳ ಮೇಲೆ ಬೆರಳಾಡಿಸಿ
"ಮೂವತ್ತೊಂದು ವರ್ಷ ಜನಾನ ದಾಟಿಸಿವ್ನಿ ಕಣವ್ವ.
ಬಸುರಿ ಹೆಂಗಸ್ರು, ಶುಂಠಿ ಮೂಟೆ, ಒಂದ್ಸಲ ಮದುವೆ ದಿಬ್ಬಣ.
ಒಂದೆಳೆ ಹೊಗೆ ಇಲ್ದಂಗೆ. ಬೀಡೀದು ಬಿಟ್ರೆ.
ಅದ್ನ ಎಲ್ಲಿ ಬರ್ದವ್ರೆ?"

ಪುಟ ತಿರುಗಿಸಿದೆ.
ಇನ್ನೊಂದು ಪುಟ ತಿರುಗಿಸಿದೆ, ಅವನು ನೋಡುತ್ತಿದ್ದನಲ್ಲ, ಅದಕ್ಕೆ.

ಐವತ್ತಾರನೆಯ ದಿನ ಸೋಮವಾರ. ಕರೆಂಟು ಬಂದದ್ದೇ ಹನ್ನೊಂದಕ್ಕೆ.
ಮುಳ್ಳು ಮೂವತ್ತು ದಾಟಿತು. ನಲವತ್ತು ದಾಟಿತು.
ಸಿದ್ದಲಿಂಗಪ್ರಸಾದ್ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ.
ನಲವತ್ತೇಳಕ್ಕೆ, ಒಳಗೆಲ್ಲೋ ಒಣಸೌದೆ ಮುರಿದ ಸದ್ದು.
ಜಲ್ಲಿಯೇ ಎರಡು ತುಂಡಾಗಿತ್ತು, ಹಿಡಿತ ಬಿಟ್ಟಿರಲಿಲ್ಲ.
ಸೀಳಿದ ಮೈಯೊಳಗೆ ಮೈಲುತುತ್ತದ ಬಣ್ಣ,
ಕಿಟ್ಟ ಸೇರಿದ ಕಾಂಕ್ರೀಟಿನ ಗುಟ್ಟು ಅದು,
ಗಾಳಿ ತಾಗಿದರೆ ನಾಲ್ಕು ದಿನಕ್ಕೆ ಬೂದಿಬಣ್ಣ.

ಒಡೆದ ಗಟ್ಟಿಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ.
ಬೊಳ್ಳಯ್ಯ ಎರಡನ್ನು ಹೊತ್ತೊಯ್ದು ಹಗ್ಗ ಬಿಗಿದು
ದೋಣಿಗೆ ಲಂಗರು ಮಾಡಿಕೊಂಡಿದ್ದಾನೆ.
ಒಂದರ ಮೇಲೆ ನನ್ನ ಕೈಬರಹದ ತಾರೀಖು ಇನ್ನೂ ಇರಬೇಕು,
ನೀರಿನಡಿ, ಯಾವ ರಾಜ್ಯದ ಕೆಸರಿನಲ್ಲೋ.

ಸಂಜೆ ಅವನ ದೋಣಿಯಲ್ಲೇ ಆ ದಡಕ್ಕೆ ಹೋಗಿ ಚಹ ಕುಡಿದು ಬರುತ್ತೇನೆ.
ಹತ್ತು ರೂಪಾಯಿ ತಪ್ಪದೆ ಇಸಿದುಕೊಳ್ಳುತ್ತಾನೆ.
ಇನ್ನೂ ಹನ್ನೊಂದು ಕಂಬ ಬಾಕಿ.