ಹನ್ನೊಂದನೆಯ ಕಾಲಮ್ಮು

ಮಾರ್ಚ್ ಕೊನೆಯ ವಾರ. ಕಾರವಾರದಲ್ಲಿ ಗಾಳಿಯೂ ಬೆವರುತ್ತದೆ.
ಅಂಕಿಅಂಶ ಶಾಖೆಯಲ್ಲಿ ಮೂರು ಕುರ್ಚಿ, ಒಂದು ಫ್ಯಾನು.
ಪೆಡ್ನೇಕರ ಸಾಹೇಬರು ಹಾಳೆಯೊಂದನ್ನು ಮೇಜಿಗಿಟ್ಟರು.
"ಸುಲಕ್ಷಾ, ಹದಿನಾಲ್ಕು ದೇಶ, ನಡುವೆ ನಮ್ಮ ಜಿಲ್ಲೆ.
ಯಾರ ತಲೆಯೋ. ಯಾರು ಮೇಲೆ, ಯಾರು ಕೆಳಗೆ,
ಸಂಜೆಯೊಳಗೆ ಬೇಕಂತೆ, ಸೆಮಿನಾರಿಗೆ."

ಮೊದಲ ಸಾಲು ಉತ್ತರದ ಒಂದು ಚಳಿದೇಶ.
ಅಲ್ಲಿ ಒಬ್ಬಳು ಬಂದು, ವರ್ಷವಿಡೀ, ವಾರಕ್ಕೊಮ್ಮೆ ಎಂದರೆ
ಐವತ್ತೆರಡು ಎಂದು ಬರೆದುಕೊಳ್ಳುತ್ತಾರೆ.
ನಮ್ಮಲ್ಲಿ ಅದೇ ಮಾತಿಗೆ ಒಂದು ಎಫ್ಐಆರ್, ಒಂದು ಸೀಲು,
ಒಂದು.
ಮಾಡಿದವನು ಗಂಡ ಎಂದಳೋ,
ಬೇರೆ ಕಲಮು, ಬೇರೆ ಕಾಲಮ್ಮು.
ಕೊಂದೇಬಿಟ್ಟಿದ್ದರೆ ಅವಳು ಕೊಲೆಯ ಪಟ್ಟಿಗೆ:
ದೊಡ್ಡ ಅಪರಾಧ ಸಣ್ಣದನ್ನು ನುಂಗಬೇಕು,
ಅದು ಎಣಿಕೆಯ ನಿಯಮ.

ಇನ್ನೊಂದು ದೇಶದ ಮುಂದೆ ಎರಡು ಎಂದಿದೆ. ಇಡೀ ವರ್ಷಕ್ಕೆ.
ಅಲ್ಲಿ ದೂರು ಕೊಟ್ಟವಳನ್ನೇ ಮೊದಲು ಒಳಗೆ ಹಾಕುತ್ತಾರಂತೆ.
ಆ ಸಾಲಿಗೆ ಹಸಿರು ಬಣ್ಣ ತುಂಬಿದ್ದಾರೆ.

ಮುನ್ನೂರ ಎಪ್ಪತ್ತಾರು ಎಂದು ಬಾಯಿಪಾಠವಾಗಿದ್ದದ್ದು
ಒಂದು ಜುಲೈ ಬೆಳಿಗ್ಗೆ ಅರವತ್ನಾಲ್ಕು ಆಯಿತು.
ಜೂನ್ ಮೂವತ್ತರ ರಾತ್ರಿಯದು ಹಳೇ ಕಾನೂನಿಗೆ,
ಹನ್ನೆರಡು ದಾಟಿದ್ದು ಹೊಸದಕ್ಕೆ.
ಆಗ ಗಡಿಯಾರ ನೋಡಿದ್ದೆಯಾ
ಎಂದು ಅವಳನ್ನು ಯಾರಾದರೂ ಕೇಳಬೇಕು.

ಆಯಿ ನಲವತ್ತು ವರ್ಷ ಮೀನುಪೇಟೆಯಲ್ಲಿ ಕೂತವಳು.
ಬಂಗಡೆ ಎಣಿಕೆಯಲ್ಲಿ, ತಾರ್ಲೆ ಬುಟ್ಟಿಯಲ್ಲಿ,
ಇಸೋಣ ತೂಕದಲ್ಲಿ, ಚಿಪ್ಪಿಕಲ್ಲು ಪಾಲಿನಲ್ಲಿ.
ನಿನ್ನೆ ಹೆಚ್ಚೋ ಇವತ್ತು ಹೆಚ್ಚೋ ಎಂದರೆ
"ಯಾವುದನ್ನು ಯಾವುದರಲ್ಲಿ ಅಳೆದೆ, ಅದು ಹೇಳು ಮೊದಲು."

ಇದನ್ನು ಬರೆದು ಹೊಡೆದು ಹಾಕಿದೆ.
ಮೀನು ಠಾಣೆಯ ಮೆಟ್ಟಿಲವರೆಗೆ ಬಂದು ತಿರುಗಿ ಹೋಗುವುದಿಲ್ಲ.
ಮೀನಿಗೆ ಮದುವೆಯಾಗಬೇಕಾದ ತಂಗಿ ಇರುವುದಿಲ್ಲ.

ಹನ್ನೊಂದನೆಯ ಕಾಲಮ್ಮು: ಈ ತಿಂಗಳು ನಮ್ಮಲ್ಲಿ ಎಷ್ಟು.
ಸೊನ್ನೆ.
ಆ ಸೊನ್ನೆಯ ಪರಿಚಯ ನನಗುಂಟು.
ಮಂಗಳವಾರ ಮಡಗಾಂವ್ ಬಸ್ಸಿನಿಂದ
ಮಾಜಾಳಿ ಗೇಟಿನಲ್ಲಿ ಇಳಿದು, ಠಾಣೆಗೆ ನಡೆದೇ ಬಂದಳು.
ಕಾಣಕೋಣದ ಹೋಟೆಲಿನಲ್ಲಿ ಚಾದರ ಮಡಚುವ ಕೆಲಸ.
ಎಡಗಾಲಿಗೆ ನೀಲಿ ಚಪ್ಪಲಿ, ಬಲಗಾಲಿಗೆ ಯಾರದೋ ಕಪ್ಪು.
ಹೇಳಿಕೆ ಬರೆಯುವ ಮೇಡಂ ವಿಜಯಪುರದ ಕಡೆಯವರು,
ಕೊಂಕಣಿಗೆಂದು ನನ್ನನ್ನು ಕರೆಸಿದ್ದರು.

ನೀರು ಕೇಳಿದಳು, ಕುಡಿಯಲಿಲ್ಲ.
ತ್ರಾಸ ಕೊಟ್ಟ, ಎಂದಳು. ನಾಲ್ಕು ಸಲ ಅದನ್ನೇ.
ತ್ರಾಸ ಎಂಬ ಮಾತು ಯಾವ ಕಲಮಿನಲ್ಲೂ ಇಲ್ಲ.
ಬಿಡಿಸಿ ಹೇಳಮ್ಮ, ಎಂದರು ಮೇಡಂ. ನಾನು ಕೊಂಕಣಿಸಿದೆ.
ಅವಳು ನನ್ನ ಮುಖ ನೋಡಿದಳು,
ನಿನಗೂ ತಿಳಿಯಲಿಲ್ಲವೇ ಎಂಬ ಹಾಗೆ.
ನನಗೆ ಆ ಹೊತ್ತಿನಲ್ಲಿ ನೆನಪಾದದ್ದು ಆಯಿಯ ತ್ರಾಸು,
ಒಂದು ತಟ್ಟೆಗೆ ಸದಾ ಕಲ್ಲು ಕಟ್ಟಿರುತ್ತಿದ್ದ ತಕ್ಕಡಿ.

ನಡೆದದ್ದು ಗಡಿಯಾಚೆ, ನಂಬರು ನಮ್ಮದಲ್ಲ.
ಝೀರೋ ಎಫ್ಐಆರ್ ಎಂದು ಬರೆದು ಕಾಗದ ಆಚೆ ಕಳಿಸಿದರು.
ಆಚೆಯವರು ಇನ್ನೂ ನಂಬರು ಹಚ್ಚಿಲ್ಲ.
ಕಾಗದ ಬಹುಶಃ ಪೋಳೆಂ ಚೆಕ್‌ಪೋಸ್ಟಿನ ಯಾವುದೋ ಮೇಜಿನಲ್ಲಿ
ಹೆಂಡದ ಬಾಟಲಿಗಳ ಲೆಕ್ಕದ ಕೆಳಗೆ.

"ಸೊನ್ನೆ ತಾನೆ? ಒಳ್ಳೆಯದೇ ಆಯಿತು" ಎಂದರು ಸಾಹೇಬರು,
ಛತ್ರಿ ಹುಡುಕುತ್ತ, ಮಳೆಯಿಲ್ಲದ ದಿನ.
ಕಂಪ್ಯೂಟರಿನಲ್ಲಿ ಸೊನ್ನೆ ಒತ್ತಿದೆ. ಹೋಯಿತು.

ಆಮೇಲೆ ಕಚೇರಿ ಪ್ರತಿ. ಪೆನ್ಸಿಲು. ಕನ್ನಡ ಅಂಕಿ.
ನಮ್ಮ ಸೊನ್ನೆಯೂ ದುಂಡಗೆ, ನಮ್ಮ ಒಂದೂ ದುಂಡಗೆ;
೦ ಕೆಳಗೆ ತುಸು ಬಾಯಿ ಬಿಟ್ಟರೆ ೧.
ರಬ್ಬರಿನ ಮೂಲೆಯಿಂದ ಒಂದು ಚೂರು ಒರೆಸಿದೆ,
ಪುಡಿ ಊದಿದೆ.

ಇದೂ ತಪ್ಪು ಲೆಕ್ಕವೇ, ಗೊತ್ತು.
ನಾಳೆ ಆಚೆಯವರೂ ಎಣಿಸಿಕೊಂಡರೆ
ಅವಳು ಎರಡಾಗುತ್ತಾಳೆ.
ಆಗಲಿ.
ನೀಲಿಗೊಂದು, ಕಪ್ಪಿಗೊಂದು.