ಗೇಟು, ಕ್ರೇಟು

ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿ ಮೇಲೆ ನಮ್ಮ ಆಫೀಸು.
ಮೂರು ಕುರ್ಚಿ, ಒಂದು ಫ್ಯಾನು, ಮುಗಿಯದ ಒಂದು ವಾದ.
ಬಿತ್ತನೆ ಆಲೂಗಡ್ಡೆಗೆ ಟೋಕನ್ ಕೊಡುವ ಆ್ಯಪು ನಮ್ಮದು.
ಹೋದ ಮೇ ತಿಂಗಳು, ಬೆಳಗಿನ ಆರು ಗಂಟೆ ಎರಡು ನಿಮಿಷಕ್ಕೆ
ಮಕಾಡೆ ಮಲಗಿದ್ದೂ ಅದೇ.

ಈ ಸಲ ದುಡ್ಡು ಒಂದಕ್ಕೇ ಇದೆ.
ಧರಣೇಂದ್ರ ಅಂತಾನೆ: ಗೇಟು ತಗೊಳ್ಳೋಣ.
ಬಾಡಿಗೆಗೆ ಸಿಗುತ್ತೆ, ತಿಂಗಳ ಲೆಕ್ಕ.
ಬಂದವರ ಚೀಟಿ ನೋಡುತ್ತೆ, ಎಣಿಸುತ್ತೆ,
ನೂಕಿದರೆ ತಡಿ ಅನ್ನುತ್ತೆ.
ಎಪಿಐ ಅಂದರೆ ಕೊನೆಗೂ ಒಂದು ಕಿಟಕಿ ತಾನೆ?
ಕಿಟಕಿ ಮುಂದೆ ಒಬ್ಬ ನಿಂತಿರಬೇಕು.

ಇಮ್ತಿಯಾಜ್ ಒಪ್ಪಲ್ಲ. ಕ್ರೇಟು ಬೇಕು, ಕ್ರೇಟು.
ಟೋಕನ್ನಿಗೊಂದು, ತೂಕಕ್ಕೊಂದು, ಹಣಕ್ಕೊಂದು.
ಪ್ರತಿ ಪ್ರೋಗ್ರಾಮೂ ತನ್ನ ಉಪ್ಪು ಅಕ್ಕಿ ಕಟ್ಟಿಕೊಂಡು
ತನ್ನ ತನ್ನ ಕಂಟೇನರಿನಲ್ಲಿ ಕೂತಿರಲಿ.
ಜನ ಹೆಚ್ಚಿದರೆ ಇನ್ನೆರಡು ಇಳಿಸು, ತಗ್ಗಿದರೆ ಎತ್ತಿಡು.
ಗೋಣಿಯಲ್ಲಿ ಒಂದು ಗೆಡ್ಡೆ ಕೊಳೆತರೆ ಏನಾಗುತ್ತೆ ಅಂತ
ಹಾಸನದವಳು ನೀನು, ನಿನಗೆ ಹೇಳಬೇಕಾ?

ಹೇಳಬೇಕಿಲ್ಲ. ನಮ್ಮಮ್ಮ ಕೋಲ್ಡ್ ಸ್ಟೋರೇಜಿನಲ್ಲಿ
ಹನ್ನೊಂದು ವರ್ಷ ಗೆಡ್ಡೆ ಆರಿಸಿದವಳು.
ಮೂಗಿನಲ್ಲೇ ಹೇಳುತ್ತಿದ್ದಳು:
ಎಡಗಡೆ, ಮೂರನೇ ಸಾಲು, ಅಡಿಯದು.
ಆ ಮೂಗು ನನಗೆ ಬರಲಿಲ್ಲ. ನನಗಿರುವುದು ಲಾಗು.

ಓದುತ್ತಾ ಕೂತೆ. ಕೆಳಗೆ ಷಟರು ಎಳೆದ ಸದ್ದು.
ಆಮೇಲೆ ನಾಯಿ. ಆಮೇಲೆ ಅದೂ ಇಲ್ಲ.
ಹತ್ತು ಸಾವಿರ ಜನ ಒಟ್ಟಿಗೆ ನುಗ್ಗಿದರು
ಅಂತ ವರದಿ ಬರೆದು ಸಹಿ ಹಾಕಿದವಳು ನಾನೇ.
ಸುಳ್ಳು.
ನುಗ್ಗಿದ್ದು ಒಂದೇ ಮಂಡಿಯ ಒಂದೇ ನಂಬರು,
ಒಂದು ನಿಮಿಷದಲ್ಲಿ ಒಂಬತ್ತು ಸಾವಿರ ಸಲ:
ಕೊಡು ಕೊಡು ಕೊಡು ಕೊಡು.
ಅದರ ಬೆನ್ನಿಗೆ, ಒಂದೊಂದೇ ಸಲ ಕೇಳಿ
ಉತ್ತರ ಕಾಣದೆ ಸುಮ್ಮನಾದವರು ನಾನೂರ ಹದಿನೇಳು.
ದುದ್ದದ ಪುಟ್ಟಸಿದ್ದಮ್ಮ, ಆರು ಮೂರಕ್ಕೆ ಒಂದು ಸಲ,
ಏಳು ಐವತ್ತಕ್ಕೆ ಇನ್ನೊಂದು ಸಲ.
ಅಷ್ಟೆ.

ಹಾಗಾದರೆ ಗೇಟೇ. ಹಾಳೆ ಮೇಲೆ ಬರೆದು ಅಡಿಗೆರೆ ಹಾಕಿದೆ.

ಬೆಳಿಗ್ಗೆ ಎಪಿಎಂಸಿ ಯಾರ್ಡಿನ ಮುಂದೆ
ಜಲಂಧರದ ಲಾರಿಗಳು, ಧೂಳು ಹೊದ್ದ ಟಾರ್ಪಾಲು.
ಸಣ್ಣತಮ್ಮೇಗೌಡರ ಕೊರಳಲ್ಲಿ ಸೀಟಿ, ಕಂಕುಳಲ್ಲಿ ನೋಟ್‌ಬುಕ್ಕು.
ಚಾಲಕರು ಹಾರನ್ ಒತ್ತಿದರೂ ಸರಪಳಿ ಇಳಿಯಲಿಲ್ಲ.
"ಒಳಗೆ ತೂಕದ ಮಿಸೀನು ಕೆಟ್ಟದೆ ಕಣವ್ವ.
ಈಗ ಬುಟ್ರೆ ಒಳಗೂ ಲಾರಿ, ಹೊರಗೂ ಲಾರಿ.
ಗೇಟು ಎಷ್ಟು ಗಟ್ಟಿಯಾಗಿದ್ರೇನು,
ಇಳಿಸೋಕೆ ಜಾಗ ಇರ್ಬೇಕಲ್ಲ?"
ಈ ಮಾತು ಇಮ್ತಿಯಾಜನಿಗೆ ಹೇಳಲಿಲ್ಲ.
ಹೇಳಿದರೆ ಮೂರು ದಿನ ಮೀಸೆ ತಿರುವುತ್ತಾನೆ.

ಆದರೂ ಗೇಟಿಗೇ ದುಡ್ಡು ಕಟ್ಟಿದೆವು.
ಮೊದಲ ಪರದೆಯಲ್ಲೇ ಖಾಲಿ ಚೌಕ:
ಒಬ್ಬರು ನಿಮಿಷಕ್ಕೆ ಎಷ್ಟು ಸಲ ಕೇಳಬಹುದು?
ಐದು ಅಂತ ಹಾಕಿದೆ. ಅಳಿಸಿದೆ. ಮತ್ತೆ ಐದು.
ಬೆಳಗಾನ ಎರಡೇ ಸಲ ಕೇಳಿದವಳಿಗೆ
ಐದು ಅನ್ನೋದು ಎಷ್ಟು ದೊಡ್ಡ ಸಂಖ್ಯೆ.

ಎರಡನೇ ಚೌಕ: ತಡೆದವರಿಗೆ ಏನು ಹೇಳಬೇಕು?
ಅಲ್ಲಿ ಆಗಲೇ ಒಂದು ಇಂಗ್ಲಿಷ್ ಗದರಿಕೆ ಇತ್ತು, ತೆಗೆದೆ.
ಬರೆದೆ: ಸ್ವಲ್ಪ ತಡೀರಿ.
ನಿಮ್ಮ ಹೆಸರು ಬರೆದುಕೊಂಡಿದ್ದೀವಿ.

ಬರೆದು, ಓದಿ, ಕೈ ನಿಂತಿತು.
ಎಲ್ಲಿ ಬರೆದುಕೊಂಡಿದ್ದೀವಿ?
ಗೇಟಿಗೆ ತಡೆಯೋದು ಗೊತ್ತು, ನೆನಪಿಡೋದು ಗೊತ್ತಿಲ್ಲ.
ಈ ಸಾಲು ಸುಳ್ಳಾಗಬಾರದು ಅಂದರೆ
ಒಳಗೆ ಯಾರೋ ಒಬ್ಬರು ಪೆನ್ನು ಹಿಡಿದು ಕೂತಿರಬೇಕು,
ಪಕ್ಕದ್ದು ಕೊಳೆತರೂ ತಾನು ಕೊಳೆಯದ ಹಾಗೆ, ಬೇರೆ.

ಕುರ್ಚಿ ತಿರುಗಿಸಿದೆ.
ಇಮ್ತಿಯಾಜ್, ಬೈಬೇಡ ಕಣೋ,
ಒಂದೇ ಒಂದು ಕ್ರೇಟಿಗೆ ಎಷ್ಟಾಗುತ್ತೆ?